ಅಂಗಡಿ ಅಂಕಲ್ ಎಳೆದ ಅಧ್ಯಕ್ಷರ ಗೆರೆ

ಅಂಗಡಿ ಅಂಕಲ್ ಯಾರ ಮನೆಗೆ ಊಟಕ್ಕೆ ಹೋದರೂ ಶರ್ಟಿನ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡೇ ಹೋಗುತ್ತಿದ್ದರು, ಬೇರೆಯವರು ಪೆನ್ನು ಇಟ್ಟುಕೊಳ್ಳುವಂತೆ. ಆ ಉಕ್ಕಿನ ದವಡೆಗೆ ಸಿಕ್ಕಿಬಿದ್ದವುಗಳಲ್ಲಿ ಅವರ ಹೆಂಡತಿ ಶಾಂತಾ ಆಂಟಿಯ ಚಪಾತಿ, ಸತ್ಯನಾರಾಯಣ ಪೂಜೆಯ ಬಾಳೆಹಣ್ಣು ಮತ್ತು ಒಂದು ಸಲ ನನ್ನ ಕಿವಿ ಸೇರಿವೆ. ಚಪಾತಿಯನ್ನು ಮೂರು ಕಡೆ ಅಳೆದು, "ಅಂಚಿನ್ಯಾಗ ದಪ್ಪ ಆಗೇತಿ. ಲಟ್ಟಣಿಗಿ ಸವದೈತಿ ನೋಡ," ಎನ್ನುವರು. ಆಂಟಿ ಹಂಚಿನ ಕಡೆಯಿಂದ ತಿರುಗದೆಯೇ, "ಸವದಿದ್ದು ಲಟ್ಟಣಿಗಿ ಅಲ್ಲ, ನಾನು," ಎನ್ನುವರು.

ಅಂಗಡಿ ಎಂಬುದು ಅವರ ಮನೆತನದ ಹೆಸರು. ಗದಗಿನಲ್ಲಾಗಲಿ ಮಿಶಿಗನ್ನಿನಲ್ಲಾಗಲಿ ಅವರು ಅಂಗಡಿ ಇಟ್ಟವರಲ್ಲ. ಸ್ಟರ್ಲಿಂಗ್ ಹೈಟ್ಸಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದವರು. ಗಂಟೆಗೊಮ್ಮೆ ಐದು ಭಾಗ ಎತ್ತಿಕೊಂಡು ಅಳೆಯುವುದು, ಅಳತೆಯನ್ನು ಪಟ್ಟಿಯ ಮೇಲೆ ಚುಕ್ಕೆಯಾಗಿ ಇಡುವುದು, ಚುಕ್ಕೆಗಳು ಎತ್ತ ಹೊರಟಿವೆ ಎಂದು ನೋಡುವುದು: ಅವರ ಜೀವಮಾನದ ಕೆಲಸ ಇಷ್ಟೇ. ರಿಸೆಷನ್ ಶುರುವಾದ ವರ್ಷ ಕಾರ್ಖಾನೆಯ ಒಂದು ಪಾಳಿ ನಿಂತಿತು. ಅದರೊಂದಿಗೆ ಅಂಕಲ್ ಕೂಡ ನಿಂತರು. "ನಾನ ರಿಟೈರ್ ತಗೊಂಡೆ," ಎಂದು ಎಲ್ಲರಿಗೂ ಹೇಳಿದರು. ಎಲ್ಲರೂ ನಂಬಿದಂತೆ ನಟಿಸಿದರು. ನಟನೆಯಲ್ಲಿ ಸ್ವಲ್ಪ ಪರಿಣತಿ ಇರುವ ನನಗೆ ಅದು ತಿಳಿಯುತ್ತಿತ್ತು.

ನಾನು ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೈಸೂರಿನವನು, ಡಿಯರ್‌ಬಾರ್ನಿನಲ್ಲಿ ಕಾಂಟ್ರಾಕ್ಟ್ ಕೆಲಸ. ನನ್ನ ಬಳಿ ಇದ್ದ ಆಸ್ತಿಯೆಂದರೆ ಇನ್ನೊಬ್ಬರ ದನಿ. ಒಂದು ಸಲ ಕೇಳಿದರೆ ಸಾಕು, ಯಾರ ಗಂಟಲಾದರೂ ನನ್ನ ಗಂಟಲಿಗೆ ಬಂದು ಕೂರುತ್ತಿತ್ತು. ಅಮ್ಮ ಫೋನಿನಲ್ಲಿ "ನಿನ್ ದನೀಲಿ ಮಾತಾಡೋ" ಎಂದು ಗದರಿದರೆ, ಅದನ್ನು ಎಲ್ಲಿಟ್ಟೆ ಎಂದು ಎರಡು ಸೆಕೆಂಡು ಹುಡುಕಬೇಕಾಗುತ್ತಿತ್ತು.

ಆ ಚಳಿಗಾಲ ಅಮೆರಿಕಕ್ಕೆ ಹೊಸ ಅಧ್ಯಕ್ಷರು ಬಂದಿದ್ದರು. ಟಿವಿಯಲ್ಲಿ ವಾರವಾರ ಅವರ ಅಪ್ರೂವಲ್ ರೇಟಿಂಗ್ ತೋರಿಸುತ್ತಿದ್ದರು, ದೇಶದ ಇಷ್ಟು ಜನಕ್ಕೆ ಅವರ ಕೆಲಸ ಒಪ್ಪಿಗೆ, ಇಷ್ಟು ಜನಕ್ಕೆ ಇಲ್ಲ ಎಂದು. ಅಳೆಯಲು ಏನೂ ಉಳಿಯದ ಅಂಕಲ್ ಆ ಗೆರೆಯನ್ನು ಎರಡು ವಾರ ನೋಡಿದರು. ಮೂರನೆಯ ವಾರ ಎದ್ದು ಟಿವಿಯ ದನಿ ಕಡಿಮೆ ಮಾಡಿದರು.

"ತಮ್ಮಾ, ಡೆಟ್ರಾಯಿಟಿನ್ಯಾಗ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಅಂತ ಇವ್ರು ಹೇಳತಾರ. ನಿನ್ನ ಬೇಸ್‌ಮೆಂಟಿನ್ಯಾಗ ಎಷ್ಟೈತಿ ಅಂತ ಹೇಳತಾರೇನು?"

"ಇಲ್ಲ ಅಂಕಲ್. ಅದನ್ನ ನನ್ನ ಮೂಗೇ ಹೇಳುತ್ತೆ."

"ಹಂಗಾರ ನಾವ ಅಳಿಯೂಣು."

ಹೀಗೆ ಶುರುವಾಯಿತು. ಸುತ್ತಮುತ್ತಲಿನ ನಲವತ್ತು ಕನ್ನಡದ ಮನೆಗಳು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು. ಒಂದೇ ಪ್ರಶ್ನೆ: "ಅಧ್ಯಕ್ಷರು ಮಾಡುತ್ತಿರುವ ಕೆಲಸ ನಿಮಗೆ ಒಪ್ಪಿಗೆಯೋ, ಇಲ್ಲವೋ?" ಬೇಸ್‌ಮೆಂಟಿನ ಗೋಡೆಯುದ್ದಕ್ಕೂ ಅಂಟಿಸಿದ ಕಾಗದದ ಸುರುಳಿಯ ಮೇಲೆ ಮನೆಗೊಂದು ಸಾಲು, ವಾರಕ್ಕೊಂದು ಚುಕ್ಕೆ. ಒಪ್ಪಿಗೆ ಹೆಚ್ಚಿದ್ದರೆ ಚುಕ್ಕೆ ಮೇಲೆ, ಕಡಿಮೆಯಾದರೆ ಕೆಳಗೆ. ಎಲ್ಲ ಸೇರಿಸಿ ಕೆಳಗಡೆ ಕೆಂಪು ಪೆನ್ಸಿಲಿನ ಒಂದು ಗೆರೆ. ನನ್ನ ಹಾಸಿಗೆ ಅದರ ಕೆಳಗಿತ್ತು; ನಾನು ಜನಾಭಿಪ್ರಾಯದ ಬುಡದಲ್ಲಿ ಮಲಗುತ್ತಿದ್ದೆ.

ಫೋನ್ ಮಾಡುವ ಕೆಲಸ ನನ್ನದು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಸದ್ದಿನಲ್ಲಿ ಅಂಕಲ್‌ಗೆ ಕಿವಿ ಮಂದವಾಗಿತ್ತು. ಎದುರಿಗೆ ಕೂತವರ ಮಾತು ಕೇಳುತ್ತಿತ್ತು, ಫೋನಿನದು ಕೇಳುತ್ತಿರಲಿಲ್ಲ. ಮೊದಲ ಭಾನುವಾರವೇ ಒಂದು ತೊಡಕು ಎದುರಾಯಿತು. ನಲವತ್ತರಲ್ಲಿ ಮೂವತ್ತು ಮನೆಯವರು ಒಪ್ಪಿಗೆ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ಪರವಾಗಿಲ್ಲ" ಎಂದರು.

"ಇದೇನೋ ನಿಮ್ಮ ಮೈಸೂರವ್ರ ಪರವಾಗಿಲ್ಲ," ಎಂದು ಅಂಕಲ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು. "ಮಗಾ ಪಾಸಾದರೂ ಪರವಾಗಿಲ್ಲ, ಕಾಲು ಮುರದರೂ ಪರವಾಗಿಲ್ಲ."

"ನಿಮ್ ಕಡೆ 'ಅಡ್ಡಿಯಿಲ್ಲ' ಅನ್ನಲ್ವಾ ಅಂಕಲ್?"

"ಅದ ಬ್ಯಾರೆ," ಎಂದರು. ಆಂಟಿ ನಕ್ಕದ್ದು ಮೇಲಿನಿಂದ ಕೇಳಿಸಿತು.

ಆಮೇಲೆ ಅವರೇ ದಾರಿ ಹುಡುಕಿದರು. ಮಾತು ಹೇಳಿದರೆ ಸಾಲದು, ಯಾವ ದನಿಯಲ್ಲಿ ಹೇಳಿದರೋ ಹಾಗೆಯೇ ಹೇಳಬೇಕು. ನಾನು ಫೋನಿಟ್ಟು ಆ ಮನೆಯವರಾಗುತ್ತಿದ್ದೆ. ಅಂಕಲ್ ಕಣ್ಣು ಮುಚ್ಚಿ ಕೇಳುವರು. ಚುರುಕಾಗಿ ಬಿದ್ದ ಪರವಾಗಿಲ್ಲಕ್ಕೆ ಮೇಲಿನ ಚುಕ್ಕೆ. ಉಸಿರಿನ ಜೊತೆ ಹೊರಬಂದದ್ದಕ್ಕೆ ನಡುವಿನದು. "ಪರವಾಗಿಲ್ಲ ಬಿಡಿ" ಎಂದು ಬಾಲ ಸೇರಿದರೆ ಕೆಳಗೆ. "ಇನ್ನೊಮ್ಮೆ ಅನ್ನು," ಎಂದು ಕೆಲವನ್ನು ಮೂರು ಮೂರು ಸಲ ಹೇಳಿಸುವರು. ದನಿ ನನ್ನದು, ತೀರ್ಪು ಅವರದು. ಚುಕ್ಕೆ ಎಲ್ಲಿಡಬೇಕೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಮೊದಮೊದಲು ಗೆರೆ ಎತ್ತರದಲ್ಲಿತ್ತು. "ಹೊಸಾ ಸೊಸಿ ಮಾಡಿದ ಸಾರು ಮೊದಲ ವಾರ ಎಲ್ಲಾರಿಗೂ ರುಚಿ," ಎಂದರು ಅಂಕಲ್. "ಸಾರು ಕೆಡಂಗಿಲ್ಲ ತಮ್ಮಾ. ನಾಲಗಿ ರೂಢಿ ಆಗತೈತಿ. ಅದಕ್ಕ ಒಂದು ವಾರದ ಚುಕ್ಕಿ ನೋಡಿ ಕುಣಿಬ್ಯಾಡ, ಅಳಬ್ಯಾಡ. ಗೆರಿ ನೋಡು." ನಿಜವಾಗಿ ಗೆರೆ ಮೆಲ್ಲಗೆ ಇಳಿಯತೊಡಗಿತು. ಟಿವಿಯ ಗೆರೆಯೂ ಇಳಿಯುತ್ತಿತ್ತು. ಆದರೆ ಟಿವಿಯವರಿಗೆ ಕಾಣದ್ದೊಂದು ನಮ್ಮ ಗೋಡೆಯ ಮೇಲೆ ಕಾಣಿಸತೊಡಗಿತು, ಏಕೆಂದರೆ ಟಿವಿಯವರು ವಾರವಾರ ಬೇರೆ ಬೇರೆ ಜನರನ್ನು ಕೇಳುತ್ತಿದ್ದರು. ನಾವು ಅವೇ ಮನೆಗಳನ್ನು ಕೇಳುತ್ತಿದ್ದೆವು.

ಹನ್ನೆರಡನೇ ಮನೆಯ ಚುಕ್ಕೆ ಒಂದೇ ವಾರದಲ್ಲಿ ಮೇಲಿನಿಂದ ಕೆಳಕ್ಕೆ ಬಿತ್ತು. ಅಧ್ಯಕ್ಷರು ಆ ವಾರ ಅಂಥದ್ದೇನೂ ಮಾಡಿರಲಿಲ್ಲ. ಅಂಕಲ್ ಬಹಳ ಹೊತ್ತು ಅದನ್ನೇ ನೋಡಿ, "ಇವ ಅಧ್ಯಕ್ಷರ ಸುದ್ದಿ ಹೇಳಾಕ ಹತ್ತಿಲ್ಲ. ತನ್ನ ಸುದ್ದಿ ಹೇಳಾಕ ಹತ್ಯಾನ," ಎಂದರು. ಆ ಸಂಜೆ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿಸಿಕೊಂಡು ಹೊರಟರು. ಹನ್ನೆರಡನೇ ಮನೆಯವರಿಗೆ ಶುಕ್ರವಾರ ಕೆಲಸ ಹೋಗಿತ್ತು. ಕೆಲಸ ಹೋಯಿತೆಂದು ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ತಮ್ಮ ಕಂಪನಿಯಲ್ಲಿ ಜಾಗ ಖಾಲಿ ಇದೆ ಎಂದು ಹೇಳಲು ದೃಷ್ಟಿಯ ಭಯ. ಆದರೆ ಅಧ್ಯಕ್ಷರ ಬಗ್ಗೆ ಕೇಳಿದರೆ ಇಬ್ಬರ ಬಾಯಿಯೂ ತೆರೆಯುತ್ತಿತ್ತು. ಅಂಕಲ್ ಚುಕ್ಕೆ ಏರಿದ ಮನೆಯ ಫೋನ್ ನಂಬರನ್ನು ಚುಕ್ಕೆ ಇಳಿದ ಮನೆಗೆ ಕೊಟ್ಟು, "ಸುಮ್ಮ ಮಾತಾಡಸ್ರಿ, ಅವರೂ ನಮ್ಮ ಕಡೆಯವರು," ಎಂದು ಬರುತ್ತಿದ್ದರು. ಡಬ್ಬಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದರು, ಬೇಕೆಂದೇ. ಮತ್ತೆ ಹೋಗಿ ನೋಡಬೇಕಾದರೆ "ಡಬ್ಬಿ ಒಯ್ಯಾಕ ಬಂದೆ" ಎನ್ನಬಹುದಲ್ಲ. ಮನೆಯಲ್ಲಿ ಡಬ್ಬಿಗಳು ಕರಗುತ್ತ ಬಂದವು. ಆಂಟಿ ಮೆಂತ್ಯವನ್ನು ಕಾಫಿ ಮಗ್ಗಿನಲ್ಲಿಟ್ಟರು.

ಒಂದು ನಿಯಮವನ್ನೂ ಮಾಡಿದ್ದರು. "ಕಾರ್ಖಾನ್ಯಾಗ ಏಳು ಚುಕ್ಕಿ ಒಂದ ಕಡೆ ಹೊಂಟ್ರ ಮಷೀನ್ ನಿಲ್ಲಸತಿದ್ವಿ. ಮನಿ ವಿಷಯದಾಗ ಏಳು ವಾರ ಕಾಯಾಕ ಆಗೂದಿಲ್ಲ. ಬೈದರ ಚಿಂತಿಲ್ಲ, ಬೈಯಾಕ ಇನ್ನೂ ಶಕ್ತಿ ಐತಿ ಅಂತ ಅರ್ಥ. 'ಈಗ ಆಗೂದಿಲ್ಲ, ಮುಂದಿನ ವಾರ ಮಾಡ್ರಿ' ಅಂತಾರಲ್ಲ, ಅದು ಕೆಟ್ಟದ್ದು. ಎರಡು ವಾರ ಹಂಗ ಅಂದ್ರ ಕಾರ್ ತಗಿ."

ನಲವತ್ತು ಸಾಲಿನಲ್ಲಿ ಮೊದಲನೆಯದು ಖಾಲಿ ಇತ್ತು. ಅದು ನಮ್ಮದೇ ಮನೆ. ಯಾಕೆ ಎಂದು ಕೇಳಿದ್ದಕ್ಕೆ, "ಕ್ಯಾಲಿಪರ್ ತನ್ನ ದಪ್ಪ ತಾನ ಅಳಿಯಂಗಿಲ್ಲಪಾ," ಎಂದು ಜೇಬು ತಟ್ಟಿಕೊಂಡರು.

ಇನ್ನು ನನ್ನ ಪ್ರತಾಪ. ಇಪ್ಪತ್ತಮೂರನೇ ಮನೆ ದಸ್ತಗೀರ್ ಸಾಹೇಬರದ್ದು. ವಿಜಯಪುರದವರು, ಕಾರಿನ ಬಿಡಿಭಾಗಗಳ ಅಚ್ಚುಗಳನ್ನು ಡಿಸೈನ್ ಮಾಡುವವರು, 'ಫಿಫ್ಟೀನ್ ಮೈಲ್' ಎಂಬ ಹೆಸರಿನ ರಸ್ತೆಯ ಆಚೆ ಮನೆ. ಪ್ರತಿ ಮಾತಿಗೂ ಮುಂಚೆ "ಅಲ್ಲರೀ" ಎಂದು ಒಂದು ಕೆಮ್ಮು. ಆಮೇಲೆ ಮಾತು ಎತ್ತಿನಗಾಡಿ ಇಳಿಜಾರಿಗೆ ಬಂದಂತೆ ಬರುತ್ತಿತ್ತು. ನನ್ನ ಇಡೀ ಸಂಗ್ರಹದಲ್ಲಿ ಅವರೇ ಸರ್ವೋತ್ತಮ ಐಟಂ. ಅವರ ಸರದಿ ಬಂದಾಗ ಆಂಟಿ ಒಲೆ ಆರಿಸಿ ಕೆಳಗಿಳಿದು ಬರುತ್ತಿದ್ದರು. ಒಂದು ಭಾನುವಾರ ಯಾರೂ ಎತ್ತದೆ ಅವರ ಫೋನ್ ಆನ್ಸರಿಂಗ್ ಮೆಷೀನಿಗೆ ಹೋಯಿತು. ಆಂಟಿ ಆಗಲೇ ಮೆಟ್ಟಿಲಿನ ಮೇಲೆ ಕೂತಿದ್ದರು. ಪ್ರೇಕ್ಷಕರನ್ನು ನಿರಾಶೆಗೊಳಿಸುವುದು ನನ್ನ ಜಾತಕದಲ್ಲಿಲ್ಲ. "ಅಲ್ಲರೀ," ಎಂದು ಕೆಮ್ಮಿದೆ, "ಮನಶ್ಯಾ ಛಲೋ ನಡಸ್ಯಾನ ಬಿಡ್ರಿ." ಆಂಟಿ ಕಣ್ಣೊರೆಸಿಕೊಂಡರು. ಅಂಕಲ್ ಮೇಲೆ ಚುಕ್ಕೆ ಇಟ್ಟರು. ಮುಂದಿನ ವಾರವೂ ಮೆಷೀನು. ಮುಂದಿನ ವಾರವೂ ನಾನು. ಮೂರನೆಯ ವಾರದಿಂದ ನಂಬರ್ ಒತ್ತುವ ಶ್ರಮವನ್ನೂ ಬಿಟ್ಟೆ.

ಇದರ ನಡುವೆ ಒಂಬತ್ತನೇ ಮನೆಯ ಸತೀಶ, ಸಂಸಾರವನ್ನು ಇಲ್ಲೇ ಬಿಟ್ಟು ಕೆಲಸಕ್ಕಾಗಿ ಚಿಕಾಗೋ ಕಡೆಯ ಪ್ಲೇನ್‌ಫೀಲ್ಡಿಗೆ ಹೋಗಿಬರುತ್ತಿದ್ದವನು, ಎಂದಿಲ್ಲದ ಉತ್ಸಾಹದಲ್ಲಿ ಉತ್ತರ ಕೊಟ್ಟ. ಅಂಕಲ್ ಆಂಟಿಯ ಮೂಲಕ ಫೋನ್ ಮಾಡಿಸಿ ಕೆದಕಿದರು. ಅವನ ಕಂಪನಿಗೆ ಅಚ್ಚಿನ ಕೆಲಸ ಬಲ್ಲ ಒಬ್ಬರು ಬೇಕಾಗಿತ್ತು. ಅಂಕಲ್ ಗೋಡೆಯ ಮುಂದೆ ನಿಂತು ಸಾಲುಗಳ ಮೇಲೆ ಬೆರಳಾಡಿಸಿದರು. ಇಪ್ಪತ್ತಮೂರರ ಮೇಲೆ ಬೆರಳು ನಿಂತಿತು. "ಸಾಹೇಬ್ರು ಆರಾಮ ಅದಾರ," ಎಂದುಕೊಂಡು ಮುಂದೆ ಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ನಿಜವಾಗಿಯೂ ಆರಾಮಾಗಿದ್ದಾರೆ, ಭಾನುವಾರ ಮಸೀದಿಯ ಶಾಲೆಗೆ ಮಗಳನ್ನು ಬಿಡಲು ಹೋಗಿರುತ್ತಾರೆ, ಅಷ್ಟೇ ಎಂದು ನನಗೇ ಹೇಳಿಕೊಂಡೆ. ಯಾರ ದನಿಯಲ್ಲಿ ಹೇಳಿಕೊಂಡೆನೋ ನೆನಪಿಲ್ಲ. ಆ ಕೆಲಸ ಎರಡು ದಿನದಲ್ಲಿ ಬೇರೊಬ್ಬರಿಗೆ ಹೋಯಿತು.

ಮರುವಾರ, ಐದನೆಯ ಪ್ರದರ್ಶನ ಮುಗಿದ ಮೇಲೆ, ಅಂಕಲ್ ಚುಕ್ಕೆ ಇಡಲಿಲ್ಲ. ಕ್ಯಾಲಿಪರ್ ತೆಗೆದು ಹಿಂದಿನ ನಾಲ್ಕು ಚುಕ್ಕೆಗಳ ಎತ್ತರ ಅಳೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೋದ ವಾರದ್ದು ಹೆಂಗಂದ್ರು? ಅನ್ನು."

ಅಂದೆ.

"ಅದರ ಹಿಂದಿನ ವಾರದ್ದು?"

ಅಂದೆ. ಅನ್ನುತ್ತಿರುವಾಗಲೇ ನನಗೂ ಕೇಳಿಸಿತು. ಅದೇ ಕೆಮ್ಮು, ಅದೇ ಜಾಗದಲ್ಲಿ.

"ಇಪ್ಪತ್ತಾರು ವರ್ಷ ಅಳದೀನಿ ತಮ್ಮಾ," ಎಂದರು. ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಖರೇ ಸಾಮಾನು ಒಂದರಂಗ ಒಂದು ಇರಂಗಿಲ್ಲ. ಕೂದಲೆಳಿ ಅಷ್ಟರೆ ಹೆಚ್ಚುಕಡಿಮಿ ಇರತೈತಿ. ಐದು ಸಲ ಒಂದ ಅಳತಿ ಬಂತಂದ್ರ ಸಾಮಾನು ಛಲೋ ಐತಿ ಅಂತಲ್ಲ. ಅಳಿಯಾವ ಅಳದಿಲ್ಲ ಅಂತ."

ಆಂಟಿ ಮೆಟ್ಟಿಲಿನಿಂದ ಎದ್ದರು. ಮೇಲೆ ಹೋಗಿ, ಮನೆಯಲ್ಲಿ ಉಳಿದಿದ್ದ ಕೊನೆಯ ಸ್ಟೀಲ್ ಡಬ್ಬಿಗೆ ಚಟ್ನಿಪುಡಿ ತುಂಬಿ ತಂದರು. ನಾನು ಕಾರು ತೆಗೆದೆ. ಆರು ಮೈಲಿಯಲ್ಲಿ ಮೂರು ಕಡೆ ಮನೆ ಮಾರಾಟದ ಬೋರ್ಡು ಕಂಡೆ. ಅವು ಹಿಂದಿನ ವಾರವೂ ಇದ್ದವೋ, ನಾನೇ ನೋಡಿರಲಿಲ್ಲವೋ.

ದಸ್ತಗೀರ್ ಸಾಹೇಬರ ಮನೆಯ ಮುಂದೆ ಬಾಡಿಗೆಯ ಟ್ರೇಲರ್ ನಿಂತಿತ್ತು. ಮಗಳು ಬಾಗಿಲು ತೆರೆದು, "ಡ್ಯಾಡ್ ಈಸ್ ಪ್ಯಾಕಿಂಗ್," ಎಂದಳು, ಹೋಮ್‌ವರ್ಕ್ ಮಾಡುತ್ತಿದ್ದಾರೆ ಎನ್ನುವಷ್ಟೇ ಸಹಜವಾಗಿ. ಸಾಹೇಬರು ಗ್ಯಾರೇಜಿನಲ್ಲಿ ಹಳೆಯ ಡ್ರಾಯಿಂಗ್ ಬೋರ್ಡನ್ನು ಕಂಬಳಿಯಲ್ಲಿ ಸುತ್ತುತ್ತಿದ್ದರು.

"ಅಲ್ಲರೀ, ಅಂಗಡಿಯವರ, ಫೋನ್ ಮಾಡಿ ಬರಬಾರದ? ಕುಂದ್ರಸಾಕ ಕುರ್ಚಿನೂ ಇಲ್ಲ ನೋಡ್ರಿ." ಕೆಮ್ಮಲಿಲ್ಲ. ಕೆಲಸ ಹೋಗಿ ಆರು ವಾರವಾಗಿತ್ತು. ಹ್ಯೂಸ್ಟನ್ನಿನಲ್ಲಿ ತಂಗಿಯ ಮನೆ ಇತ್ತು, ಸದ್ಯಕ್ಕೆ ಅಲ್ಲಿಗೆ. "ಯಾರಿಗೂ ಹೇಳಲಿಲ್ರಿ. ಹೆಂಗ ಹೇಳೂದು? ನಿಮ್ಮ ಫೋನ್ ಬಂದ್ರ ತಗೊಳ್ಳಾಕ ಧೈರ್ಯ ಆಗಲಿಲ್ಲ. ಅಧ್ಯಕ್ಷರನ್ನ ಬೈದರ ನೀವು ಹಿಡದುಬಿಡತೀರಿ ಅಂತ ಗೊತ್ತಿತ್ತು. ಆಮೇಲೆ ಮೂರು ವಾರ ಬರಲೇ ಇಲ್ಲ. ಮರತರು ಬಿಡು ಅಂದುಕೊಂಡ್ವಿ."

ಅಂಕಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಮರತಿಲ್ಲ ಸಾಹೇಬ್ರ. ನಮ್ಮ ಕಡೆ ಅಳತಿ ತಪ್ಪಾತು," ಎಂದರು. ಯಾರದು ಎನ್ನಲಿಲ್ಲ. ಪ್ಲೇನ್‌ಫೀಲ್ಡಿನ ಹೆಸರೂ ಎತ್ತಲಿಲ್ಲ.

ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರೇ ನನ್ನ ಬೆನ್ನು ತಟ್ಟಿದರು. "ಏನಪಾ ಕಲಾವಿದ, ನನ್ನ ದನಿ ಭಾರಿ ತಗೀತಿ ಅಂತಲ್ಲ. ಊರ ಮಂದಿಯೆಲ್ಲಾ ಕೇಳ್ಯಾರ, ನಾನ ಕೇಳಿಲ್ಲ. ಹೋಗೂದರಾಗ ಒಮ್ಮೆ ತಗಿ ನೋಡೂಣು."

ಮಗಳು ನಗಲು ಸಿದ್ಧವಾಗಿ ನಿಂತಳು. ನನ್ನ ಗಂಟಲಲ್ಲಿ ಯಾರೂ ಇರಲಿಲ್ಲ. ಕೊನೆಗೆ ಬಂದದ್ದು ನನ್ನದೇ ದನಿ, ಒಡಕಾಗಿ: "ಆ ಐದು ವಾರ ನಾನೇ ಸುಳ್ಳು ಹೇಳಿದ್ದು, ಸಾಹೇಬ್ರೇ." ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ. "ಹೋಗ್ಲಿ ಬಿಡು," ಎಂದು ಬೋರ್ಡಿನ ಇನ್ನೊಂದು ತುದಿ ಹಿಡಿಯಲು ಹೇಳಿದರು. ಹಿಡಿದೆ.

ಮನೆಗೆ ಬಂದ ಮೇಲೆ ಅಂಕಲ್ ರಬ್ಬರ್ ತೆಗೆದುಕೊಂಡು ಇಪ್ಪತ್ತಮೂರನೇ ಸಾಲಿನ ನಾಲ್ಕು ಚುಕ್ಕೆಗಳನ್ನು ಅಳಿಸಿದರು. ಏನು ಬರೆಯಲಿ ಎಂದು ಕೇಳಿದೆ. "ಖಾಲಿ ಬಿಡು. ಖಾಲಿ ಬಿಟ್ಟರ ಸುಳ್ಳಾಗೂದಿಲ್ಲ."

ಆ ಮೇಲಿನ ತಿಂಗಳುಗಳಲ್ಲಿ ನಾನು ಒಂದು ಮನೆಯನ್ನೂ ಬಿಡದೆ ಫೋನ್ ಮಾಡಿದೆ. ರಿಂಗುಗಳನ್ನು ಎಣಿಸುತ್ತಿದ್ದೆ. ನಾಲ್ಕನೆಯ ರಿಂಗಿಗೆ ಎತ್ತಿಕೊಂಡು ಯಾರಾದರೂ ಅಧ್ಯಕ್ಷರನ್ನು ಚೆನ್ನಾಗಿ ಬೈದರೆ ಆ ದಿನ ಅನ್ನ ಸೇರುತ್ತಿತ್ತು. ಬೇಸಿಗೆಯ ಕೊನೆಯಲ್ಲಿ ಕೆಂಪು ಗೆರೆ ಮೊದಲ ಸಲ ಮೇಲೆದ್ದಿತು. ನಾನು ಕುಣಿಯುವುದೊಂದು ಬಾಕಿ. "ಅಂಕಲ್, ಜನ ಅಧ್ಯಕ್ಷರನ್ನ ಮತ್ತೆ ಮೆಚ್ಕೊಳ್ತಿದಾರೆ."

ಅವರು ಖಾಲಿ ಬಿದ್ದ ಸಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ನಮ್ಮದನ್ನು ಬಿಟ್ಟು ಏಳು ಇದ್ದವು. "ಮೆಚ್ಚಿಲ್ಲ ತಮ್ಮಾ. ಬೈಯಾವ್ರು ಊರು ಬಿಟ್ಟಾರ. ಉಳದವ್ರನ್ನ ಅಷ್ಟ ಕೇಳಿದರ ಗೆರಿ ಏರತೈತಿ." ಅವತ್ತಿನಿಂದ ಊರು ಬಿಟ್ಟವರಿಗೂ ಫೋನ್ ಮಾಡುವುದೆಂದಾಯಿತು. ಹ್ಯೂಸ್ಟನ್ನಿಗೂ ಮಾಡಿದೆ. "ಅಲ್ಲರೀ," ಎಂದು ಕೆಮ್ಮು ಕೇಳಿಸಿತು, ಆಮೇಲೆ ಅಧ್ಯಕ್ಷರಿಗೆ ಉದ್ದದೊಂದು ಬೈಗುಳ. ಅದನ್ನು ಅಂಕಲ್ ಮುಂದೆ ಒಪ್ಪಿಸಿದಾಗ ಅವರು ಕಣ್ಣು ತೆರೆದು, "ಆರಾಮ ಅದಾರ," ಎಂದರು. ಗೆರೆ ಮತ್ತೆ ಇಳಿಯಿತು, ತನ್ನ ನಿಜವಾದ ಜಾಗಕ್ಕೆ.

ಎರಡನೆಯ ಚಳಿಗಾಲದಲ್ಲಿ ಅಂಕಲ್ ಆಂಟಿ ಮನೆ ಖಾಲಿ ಮಾಡಿ ಪ್ಲೇನ್‌ಫೀಲ್ಡಿನ ತಮ್ಮ ಮಗಳ ಮನೆಗೆ ಹೋದರು. "ಮೊಮ್ಮಕ್ಕಳು ಕರೀತಾವ," ಎಂದರು ಅಂಕಲ್. ನಾವೆಲ್ಲ ನಂಬಿದಂತೆ ನಟಿಸಿದೆವು. ಕಾಗದದ ಸುರುಳಿಯನ್ನು ನನಗೆ ಕೊಟ್ಟರು. ನಾನು ಡಿಯರ್‌ಬಾರ್ನಿನ ಒಂದು ಕೋಣೆಗೆ ಹೋದೆ.

ಭಾನುವಾರಗಳಂದು ಅವರಿಗೂ ಫೋನ್ ಮಾಡುತ್ತಿದ್ದೆ. ಆಂಟಿ ನನ್ನ ಮಾತನ್ನು ಅವರ ಕಿವಿಗೆ ದಾಟಿಸುವರು. ಒಂದು ವಾರ ತುಂಟತನಕ್ಕೆ ಟಿವಿಯವರ ದನಿಯಲ್ಲಿ ಕೇಳಿದೆ: "ಒಂದನೇ ಮನೆಯವರೇ, ಅಧ್ಯಕ್ಷರ ಕೆಲಸ ತಮಗೆ ಒಪ್ಪಿಗೆಯೋ, ಇಲ್ಲವೋ?" ಆ ಕಡೆ ಗುಸುಗುಸು. ಆಮೇಲೆ ಆಂಟಿ, "ಈಗ ಆಗೂದಿಲ್ಲಂತಪಾ. ಮುಂದಿನ ವಾರ ಮಾಡಂತ." ನಕ್ಕು ಫೋನಿಟ್ಟೆ. ಮುಂದಿನ ವಾರ ಮತ್ತೆ ಕೇಳಿದೆ. "ಮುಂದಿನ ವಾರ ನೋಡೂಣು ಅಂತಾರ," ಎಂದರು ಆಂಟಿ. ಅವರ ದನಿಯಲ್ಲಿ ನಗುವಿರಲಿಲ್ಲ.

ಎರಡು ವಾರ.

ಅವರ ಡಬ್ಬಿಯೊಂದು ನನ್ನ ಬಳಿ ಇತ್ತು. ಖಾಲಿ ಡಬ್ಬಿ ಹಿಂತಿರುಗಿಸಬಾರದಲ್ಲ, ನಾನೇ ಅವಲಕ್ಕಿ ಒಗ್ಗರಣೆ ಹಾಕಿದೆ, ಸಾಸಿವೆ ಸೀದಿತು. ಪಕ್ಕದ ಸೀಟಿನಲ್ಲಿ ಅದನ್ನಿಟ್ಟುಕೊಂಡು ಮುನ್ನೂರು ಮೈಲಿ ಡ್ರೈವ್ ಮಾಡಿದೆ. ಪ್ರತಿ ಎಕ್ಸಿಟ್ಟಿನಲ್ಲೂ ತಿರುಗಿ ಹೋಗಿಬಿಡಲೇ, ನನ್ನದೇ ಭ್ರಮೆಯೇ ಅನ್ನಿಸುತ್ತಿತ್ತು.

ಅಂಕಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಶರ್ಟು ಹಳೆಯದೇ. ಅದರೊಳಗೆ ಅವರು ಅರ್ಧ ಇದ್ದರು. ಕ್ಯಾಲಿಪರಿನ ಭಾರಕ್ಕೆ ಜೇಬು ಜೋತುಬಿದ್ದಿತ್ತು.

"ಡಬ್ಬಿ ಕೊಡೋಕ್ ಬಂದೆ ಅಂಕಲ್."

ನನ್ನನ್ನು ನೋಡಿದರು, ಡಬ್ಬಿ ನೋಡಿದರು. "ಎಷ್ಟು ವಾರಾತು?"

"ಎರಡು."

"ಹ್ಞಾ," ಎಂದರು. ಪಟ್ಟಿಯಲ್ಲಿ ಸರಿಯಾದ ಚುಕ್ಕೆ ಬಿದ್ದಾಗ ಹೇಳುತ್ತಿದ್ದಂತೆ. ಆಸ್ಪತ್ರೆಯ ವಿಷಯವನ್ನು ಆಂಟಿ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, ಮೆಲ್ಲಗೆ ಹೇಳಿದರು. ಯಾರಿಗೂ ಹೇಳಬ್ಯಾಡ ಅಂದಿದ್ದರಂತೆ. ನಾನು ಅಲ್ಲಿ ಎರಡು ದಿನ ಇದ್ದೆ. ಅಂಕಲ್ ಅವಲಕ್ಕಿಯಲ್ಲಿ ನಾಲ್ಕು ಕಾಳು ತಿಂದು, ಸೀದ ಸಾಸಿವೆಯೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಅಳೆಯುವಂತೆ ಬೆಳಕಿಗೆ ಹಿಡಿದರು. ಹಳೆಯ ದನಿಗಳನ್ನೆಲ್ಲ ಕೇಳಿಸಿಕೊಂಡರು. ಹೊರಡುವಾಗ ನಾನು ಬಾಗಿಲಲ್ಲಿ ನಿಂತು, ಯಾರ ದನಿಯನ್ನೂ ಹಾಕದೆ ಕೇಳಿದೆ: "ಅಂಕಲ್, ಅಧ್ಯಕ್ಷರ ಕೆಲಸ ಒಪ್ಪಿಗೆನಾ, ಇಲ್ವಾ?"

ಕ್ಯಾಲಿಪರಿದ್ದ ಜೇಬನ್ನು ಒಮ್ಮೆ ತಟ್ಟಿಕೊಂಡರು. ಆಮೇಲೆ, "ಅಡ್ಡಿಯಿಲ್ಲ," ಎಂದರು.

ಅದೇ ಕೊನೆ. ಬೇಸಿಗೆ ಬರುವ ಮುಂಚೆ ಅಂಕಲ್ ಹೋದರು.

ಆ ಅಡ್ಡಿಯಿಲ್ಲವನ್ನು ನಾನು ಇವತ್ತಿಗೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೇಳಬಲ್ಲೆ. ಮೊದಲ ಅಕ್ಷರದ ಮುಂಚಿನ ಸಣ್ಣ ಉಸಿರು, ನಡುವೆ ಒತ್ತು, ಕೊನೆಯಲ್ಲಿ ಏರಿತೋ ಇಳಿಯಿತೋ ತಿಳಿಯದ ಒಂದು ಎಳೆತ. ಕಾರಿನಲ್ಲಿ ಒಬ್ಬನೇ ಇರುವಾಗ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಸುರುಳಿಯನ್ನು ಬಿಚ್ಚಿ, ಒಂದನೇ ಸಾಲಿನ ಮುಂದೆ ಪೆನ್ಸಿಲ್ ಹಿಡಿದು ಕೂತದ್ದೂ ಇದೆ. ಅದು ಮೇಲಿನದೋ, ನಡುವಿನದೋ, ಕೆಳಗಿನದೋ ಎಂದು ಕಣ್ಣು ಮುಚ್ಚಿ ಕೇಳಿ ಹೇಳುವವರು ಇಲ್ಲ. ಸಾಲು ಖಾಲಿಯೇ ಇದೆ.